ನಮ್ಮ ಕಡಲು ಮೇಲ್ಪೇಟೆಗೆ ಹೋದದ್ದು

ನನ್ನ ಸಾರಿನ ಬಗ್ಗೆ ನಾನೇ ಹೇಳಿಕೊಳ್ಳಬಾರದು ಅಂತಾರೆ. ಯಾಕೆ ಹೇಳಿಕೊಳ್ಳಬಾರದು? ಊರೆಲ್ಲ ಹೇಳುವಾಗ ನಾನೊಬ್ಬಳು ಬಾಯಿ ಹೊಲಿದುಕೊಂಡು ಕೂರಬೇಕಾ? ಕೆಳಪೇಟೆಯಲ್ಲಿ ಸಾರು ಅಂದರೆ ಅಂಬುಜಕ್ಕನ ಮೆಸ್ಸು. ಮಧ್ಯಾಹ್ನ ಆಗುವ ಮುಂಚೆಯೇ ಜಗಲಿ ತುಂಬಿ, ಮೆಟ್ಟಿಲು ತುಂಬಿ, ಎಲೆ ಹಿಡಿದುಕೊಂಡು ಬೀದಿಯಲ್ಲೇ ಕೂರುವ ಹಾಗಾಗಿತ್ತು. ಒಂದು ದಿನ ಎದುರುಮನೆಯವರ ಕರು ಬಂದು ಕೋರ್ಟಿನ ಗುಮಾಸ್ತರ ಎಲೆಗೇ ಬಾಯಿ ಹಾಕಿತು. ಅವರು ಪಾಪ ಎಲೆ ಎತ್ತಿಕೊಂಡು ಓಡುತ್ತಾರೆ, ಕರು ಹಿಂದೆ ಓಡುತ್ತದೆ. ಅವತ್ತೇ ನಮ್ಮವರಿಗೆ ಹೇಳಿದೆ, "ಇನ್ನು ಈ ಮನೆ ಸಾಲದು ರೀ. ಮೇಲ್ಪೇಟೆಯಲ್ಲಿ ದೊಡ್ಡ ಹಜಾರದ ಮನೆ ಖಾಲಿ ಇದೆಯಂತೆ. ಹೋಗೋಣ."

ನಮ್ಮವರು ನಿಧಾನದ ಮನುಷ್ಯ. ಅವರಿಗೊಂದು ಮಾತು ಹೇಳಿ, ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದರೆ ಆಗ ಉತ್ತರ ಬರುತ್ತದೆ. ಅವತ್ತು ಮಾತ್ರ ತಕ್ಷಣ ಕೇಳಿದರು, "ಕಡಲನ್ನ ಏನು ಮಾಡ್ತೀಯ?"

"ಹೊತ್ಕೊಂಡು ಹೋಗ್ತೀನಿ."

"ಅಷ್ಟು ದೂರ ಯಾರೂ ಹೊತ್ತಿಲ್ಲ ಕಣೇ."

"ಯಾರೂ ಹೊತ್ತಿಲ್ಲ ಅಂದ್ರೆ ನಾನೂ ಹೊರಬಾರದಾ?" ಅಂದೆ. ಅವರು ಸುಮ್ಮನಾದರು. ಅವರು ಸುಮ್ಮನಾದರೆ ಒಪ್ಪಿದರು ಅಂತಲೇ ಲೆಕ್ಕ.

ನಮ್ಮ ಕಡಲು ಬಹಳ ಹಳೆಯದು. ನಡುಮನೆಯ ಗೋಡೆಯುದ್ದಕ್ಕೂ ಗಾಜಿನ ತೊಟ್ಟಿ, ಒಳಗೆ ಉಪ್ಪುನೀರು, ತಳದಲ್ಲಿ ಮರಳು, ಮರಳಿನ ಮೇಲೆ ಗುಡ್ಡದ ಹಾಗೆ ಪೇರಿಸಿದ ತೂತುತೂತು ಕಲ್ಲುಗಳು. ಕಲ್ಲಿನ ಮೈಗೆಲ್ಲ ನೇರಳೆ ಬಣ್ಣದ ಪಾಚಿ, ಸಂದಿಯಿಂದ ತಲೆ ಹಾಕಿ ನೋಡುವ ಹುಳಗಳು, ಹೂವಿನ ಹಾಗೆ ಬಿಚ್ಚಿಕೊಂಡು ಮುಚ್ಚಿಕೊಳ್ಳುವ ಏನೇನೋ ಜೀವಗಳು. ಅದೆಲ್ಲದರ ನಡುವೆ ಒಂದು ಕಿತ್ತಳೆ ಬಣ್ಣದ ಮೀನು, ಮೈಮೇಲೆ ಬಿಳಿ ಪಟ್ಟೆ. ಹೊಟ್ಟೆ ಮುಂದೆ ಮಾಡಿಕೊಂಡು ಓಡಾಡುವ ಅದರ ಗತ್ತು ನೋಡಿ ನಾವು ಸಾಹುಕಾರ ಅಂತ ಹೆಸರಿಟ್ಟಿದ್ದೆವು.

ನಮ್ಮೂರಲ್ಲಿ ಕಡಲಿಲ್ಲದ ಮನೆಯಲ್ಲಿ ಉಪ್ಪು ಹತ್ತುವುದಿಲ್ಲ. ಸೇರುಗಟ್ಟಲೆ ಸುರಿದರೂ ಅಷ್ಟೆ, ಅಡುಗೆ ಚಪ್ಪೆ. ಪಕ್ಕದ ಮನೆಯಿಂದ ಸಾರು ತಂದರೂ ಹೊಸಿಲು ದಾಟುತ್ತಲೇ ಉಪ್ಪು ಹೋಗಿರುತ್ತದೆ. ಉಪ್ಪಿನಕಾಯಿ ಕೂಡ ಹುಲ್ಲು ಜಗಿದ ಹಾಗಿರುತ್ತದೆ. ಹೊಸದಾಗಿ ಸಂಸಾರ ಹೂಡಿದವರು ಕಡಲು ಹದಕ್ಕೆ ಬರುವ ತನಕ ಅಕ್ಕಪಕ್ಕದವರ ಮನೆಯಲ್ಲಿ ತಟ್ಟೆ ಹಿಡಿದುಕೊಂಡು ಕೂರುತ್ತಾರೆ, ಅವರನ್ನು ರೇಗಿಸುವುದು ಬೀದಿಯವರಿಗೆಲ್ಲ ಒಂದು ಹಬ್ಬ. ಹೆಣ್ಣು ನೋಡಲು ಬಂದವರು ಹುಡುಗಿಯನ್ನು ನೋಡುವ ಮುಂಚೆ ಕಡಲಿನೊಳಗೆ ಇಣುಕುತ್ತಾರೆ. ದಾರಿಯಲ್ಲಿ ಸಿಕ್ಕವರು "ಚೆನ್ನಾಗಿದ್ದೀರಾ" ಅನ್ನುವುದಿಲ್ಲ, "ಕಡಲು ತಿಳಿಯಾಗಿದೆಯಾ" ಅಂತಾರೆ. ನಿಜವಾದ ಕಡಲು ಎಲ್ಲಿದೆಯೋ, ಯಾವ ದಿಕ್ಕಿಗಿದೆಯೋ, ನಮ್ಮೂರಲ್ಲಿ ನೋಡಿದವರು ಯಾರೂ ಇಲ್ಲ. ನೋಡಬೇಕು ಅಂತ ಯಾರಿಗೂ ಅನ್ನಿಸಿಯೂ ಇಲ್ಲ.

ಈ ಕಡಲು ನಮ್ಮ ಅತ್ತೆ ತುಂಗಮ್ಮನವರಿಗೆ ಅವರ ಅತ್ತೆಯಿಂದ ಬಂದದ್ದು. ಅತ್ತೆಗೆ ಈಗ ವಯಸ್ಸಾಗಿದೆ. ಹೆಸರುಗಳು ನೆನಪಿರುವುದಿಲ್ಲ. ಒಮ್ಮೆ ನನ್ನನ್ನು ಅಂಬುಜಾ ಅಂತಾರೆ, ಇನ್ನೊಮ್ಮೆ ಪಾತ್ರೆ ತೊಳೆಯುವವಳು ಅಂದುಕೊಂಡು "ತಳ ಸರಿಯಾಗಿ ಉಜ್ಜೇ" ಅಂತಾರೆ. ನಾಲಿಗೆ ಮಾತ್ರ ಏನನ್ನೂ ಮರೆತಿಲ್ಲ, ಬೈಯುವುದಕ್ಕೂ ಸರಿ, ರುಚಿಗೂ ಸರಿ. ದಿನಾ ಎರಡು ಹೊತ್ತು ಸಾರು ಅನ್ನ, ಅದನ್ನು ಬಿಟ್ಟರೆ ಇನ್ನೇನೂ ಬಾಯಿಗೆ ಇಡುವುದಿಲ್ಲ. ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡು "ಹ್ಞೂಂ" ಅಂತಾರೆ. ನನ್ನ ಸಾರನ್ನು ಊರಿನವರೆಲ್ಲ ಹೊಗಳಿದ್ದು ಒಂದು ತೂಕವಾದರೆ ಆ "ಹ್ಞೂಂ" ಇನ್ನೊಂದು ತೂಕ. ಇದನ್ನು ಮಾತ್ರ ನಾನು ಯಾರ ಹತ್ತಿರವೂ ಹೇಳಿಕೊಂಡವಳಲ್ಲ.

ಇನ್ನು ಸುಗುಣನ ವಿಷಯ ಹೇಳದಿದ್ದರೆ ಕಥೆ ಮುಂದಕ್ಕೆ ಹೋಗುವುದಿಲ್ಲ. ಸುಗುಣ ನನ್ನ ವಾರಗಿತ್ತಿ, ನನ್ನ ಮೈದುನನ ಹೆಂಡತಿ. ಮೊದಲು ನಾವೆಲ್ಲ ಒಂದೇ ಮನೆಯಲ್ಲಿದ್ದೆವು. ಅವಳ ಮಗಳ ನಾಮಕರಣದ ದಿನ ಪಂಕ್ತಿಯಲ್ಲಿ ಸಾರು ಬಡಿಸಿದರೆ ಬಾಯಿಗಿಟ್ಟವರೆಲ್ಲ ನೀರಿನ ಲೋಟಕ್ಕೆ ಕೈ ಹಾಕಿದರು. ಅಷ್ಟು ಉಪ್ಪು! ಅತ್ತೆ ನೆಂಟರಿಷ್ಟರೆಲ್ಲರ ಎದುರಿಗೆ ಕೇಳಿದರು, "ಯಾರೇ ಇಷ್ಟು ಉಪ್ಪು ಹಾಕಿದ್ದು?" ನಾನಲ್ಲ ಅಂದೆ. ನಾನೂ ಅಲ್ಲ ಅಂದಳು ಸುಗುಣ. ನಾನು ಹಾಕಿದ್ದು ಒಂದೇ ಹಿಡಿ, ದಿನಾ ಹಾಕುವ ಹಾಗೆ ಹದವಾಗಿ. ಒಂದು ಹಿಡಿಗೆ ಸಾರು ಹಾಗಾಗುತ್ತದಾ? ಹಾಗಂತ ಅವತ್ತೂ ಹೇಳಿದೆ, ಇವತ್ತೂ ಹೇಳುತ್ತೇನೆ. ಅವಳು "ಹಾಗಾದ್ರೆ ಉಪ್ಪು ಆಕಾಶದಿಂದ ಬಿತ್ತಾ ಅಕ್ಕ?" ಅಂದಳು. ನಾನೇನು ಬಿಡುತ್ತೇನಾ? ಮಾತಿಗೆ ಮಾತು ಬೆಳೆದು, ಹಬ್ಬ ಬರುವುದರೊಳಗೆ ಒಂದು ಮನೆ ಎರಡಾಯಿತು.

ಪಾಲಿಗೆ ಕೂತ ದಿನ ಕಡಲನ್ನೂ ಹಂಚಬೇಕಾಯಿತು. ನಾನು ಯಾರಿಗೂ ಬಾಯಿ ತೆರೆಯಲು ಬಿಡಲಿಲ್ಲ. "ನೀರು ನನಗೆ, ಸಾಹುಕಾರ ನನಗೆ, ಅತ್ತೆ ನನ್ನ ಜೊತೆ" ಅಂದುಬಿಟ್ಟೆ. ನೀರಿರುವ ಕಡೆ ಉಪ್ಪು, ಇದು ನಮ್ಮೂರಲ್ಲಿ ಕೂಸಿಗೂ ಗೊತ್ತು. ಸುಗುಣ ತಲೆ ಎತ್ತದೆ "ನನಗೆ ಅರ್ಧ ಕಲ್ಲು ಸಾಕು" ಅಂದಳು. ಕಲ್ಲುಗಳನ್ನು ಒದ್ದೆ ಸೀರೆಯಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬೀದಿಯ ಕೊನೆಯ ಮನೆಗೆ ಹೋದಳು. ನನಗೆ ಒಳಗೊಳಗೇ ನಗು. ಅಂಗಡಿಯ ಉಪ್ಪು ಕದಡಿದ ಬಾವಿನೀರು ತುಂಬಿದಳಂತೆ. ಆದರೂ ಒಂದು ವಾರದೊಳಗೆ ಅವಳ ಮನೆಯಲ್ಲಿ ಉಪ್ಪು ಹತ್ತಿತು. ಅದೃಷ್ಟ ಅಂದರು ಜನ. ನಾನೂ ಹಾಗೇ ಅಂದೆ. ಅಲ್ಲಿಂದ ಈಚೆಗೆ ನಮ್ಮಿಬ್ಬರಿಗೂ ಮಾತಿಲ್ಲ. ಅವತ್ತು ತೊಟ್ಟಿಲಲ್ಲಿದ್ದ ಮಗು ಈಗ ಸೈಕಲ್ ಹೊಡೆಯುತ್ತದೆ.

ನಮ್ಮೂರಲ್ಲಿ ಕಡಲು ಹೊರುವುದಕ್ಕೆ ಒಂದು ಕ್ರಮ ಇದೆ. ಹೊಸಮನೆಗೆ ಮೊದಲು ಹೋಗುವುದು ಕಡಲಿನ ನೀರು. ಹಾಲು ಉಕ್ಕಿಸುವುದು, ದೀಪ ಹಚ್ಚುವುದು ಎಲ್ಲ ಆಮೇಲೆ. ತಾಮ್ರದ ಕೊಡಗಳಲ್ಲಿ ನೀರು ತುಂಬಿ, ಬಾಯಿಗೆ ಮಾವಿನೆಲೆ ಇಟ್ಟು, ಮುತ್ತೈದೆಯರು ತಲೆ ಮೇಲೆ ಹೊತ್ತು ನಡೆಯಬೇಕು. ಮೇಲೆ ಛತ್ರಿ, ಮುಂದೆ ಬ್ಯಾಂಡು. ಮೀನು ಯಜಮಾನನ ಕೈಯಲ್ಲಿ, ಗಾಜಿನ ಭರಣಿಯೊಳಗೆ. ದಾರಿಯಲ್ಲಿ ಬೇಕಾದವರು ಬಂದು ತಮ್ಮ ಮನೆಯ ಕಡಲಿನ ಒಂದೊಂದು ಚೊಂಬು ನೀರನ್ನು ಕೊಡಕ್ಕೆ ಬೆರೆಸುವುದೂ ಉಂಟು, ಅದು ಆಶೀರ್ವಾದ ಅಂತ. ಕಲ್ಲು, ಮರಳು, ತೊಟ್ಟಿ, ಒಲೆ, ಒರಳು ಇವೆಲ್ಲ ಹಿಂದೆ ಗಾಡಿಯಲ್ಲಿ ಬರುತ್ತವೆ. ಸಾಮಾನ್ಯವಾಗಿ ನಮ್ಮವರು ಮನೆ ಬದಲಾಯಿಸಿದರೂ ಈ ಬೀದಿ ಬಿಟ್ಟು ಆ ಬೀದಿ. ಒಂದು ಹಾಡು ಬಾರಿಸಿ ಮುಗಿಯುವುದರೊಳಗೆ ಕಡಲು ಹೊಸ ತೊಟ್ಟಿಯಲ್ಲಿರುತ್ತದೆ.

ನನ್ನದು ಹಾಗಲ್ಲವಲ್ಲ. ಕೆಳಪೇಟೆಯ ಮೆಸ್ಸು ಮೇಲ್ಪೇಟೆಗೆ ಹೊರಟಿದೆ, ಊರು ನೋಡಬೇಡವಾ? ನೇರ ದಾರಿ ಬಿಟ್ಟು ಮಾರ್ಕೆಟ್ ಬೀದಿ ಹಿಡಿಸಿದೆ. ಕೋರ್ಟಿನ ಮುಂದೆ ನಿಲ್ಲಿಸಿದೆ, ಗುಮಾಸ್ತರು ಹೊರಗೆ ಬಂದು ಕೈಮುಗಿದರು. ಆದರೆ ಅದಕ್ಕೂ ಮೊದಲು, ಹೊರಡುವಾಗಲೇ, ಮೆರವಣಿಗೆಯನ್ನು ನಮ್ಮ ಬೀದಿಯ ಕೊನೆಯ ಮನೆಯ ಮುಂದೆ ನಿಲ್ಲಿಸಿ ಬ್ಯಾಂಡಿನವರಿಗೆ "ಇಲ್ಲಿ ಇನ್ನೂ ಒಂದು ಹಾಡು ಬಾರಿಸ್ರಪ್ಪ, ಗಟ್ಟಿಯಾಗಿ" ಅಂದೆ. ಸುಗುಣ ಬಾಗಿಲಿಗೆ ಬಂದಳು. ಎಲ್ಲರೂ ಕೊಡಗಳನ್ನು ನೋಡುತ್ತಿದ್ದರೆ ಅವಳು ಮಾತ್ರ ಹಿಂದಿನ ಗಾಡಿಯನ್ನು ನೋಡುತ್ತಿದ್ದಳು. ಒಳಗೆ ಹೋದವಳು ಒಂದು ಬಿಂದಿಗೆ ನೀರು ಎತ್ತಿಕೊಂಡು ಸರಸರ ಬಂದಳು.

ನಾನು ಅಡ್ಡ ನಿಂತೆ. ಅಷ್ಟು ವರ್ಷದ ಮೇಲೆ ಅವಳ ಜೊತೆ ಆಡಿದ ಮೊದಲ ಮಾತು ಇದು, "ನಮ್ಮ ಕಡಲಿಗೆ ಬೇರೆಯವರ ನೀರು ಬೆರೆಸಬೇಕಾಗಿಲ್ಲ."

ಅವಳು ಏನೋ ಹೇಳಲು ಬಾಯಿ ತೆರೆದಳು. ಬ್ಯಾಂಡಿನ ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ, ಕೇಳಿಸಿಕೊಳ್ಳುವ ಮನಸ್ಸೂ ಇರಲಿಲ್ಲ. ಅವಳು ಬಿಂದಿಗೆಯನ್ನು ಜಗಲಿ ಮೇಲೆ ಕುಕ್ಕಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಸೆರಗು ಕೊಡವಿಕೊಂಡು ಮುಂದೆ ನಡೆದೆ. ಮೈಯೆಲ್ಲ ಹಗುರಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮೇಲ್ಪೇಟೆ ಮುಟ್ಟುವಾಗ ಬಿಸಿಲು ನೆತ್ತಿಗೇರಿತ್ತು. ಹೊಸಮನೆಯ ಹಜಾರ ಅಂದರೆ ಹಜಾರ, ಎರಡು ಪಂಕ್ತಿ ಕೂರಿಸಿದರೂ ನಡುವೆ ಬಡಿಸುವವರು ಓಡಾಡಬಹುದು. ತೊಟ್ಟಿ ಇಟ್ಟು, ಮರಳು ಹರಡಿ, ಗೋಣಿಯಿಂದ ಕಲ್ಲು ತೆಗೆದು ಪೇರಿಸಿದೆವು. ಕೊಡದ ನೀರನ್ನು ಒಂದು ಹನಿಯೂ ಚೆಲ್ಲದೆ ಸುರಿದೆವು. ಗಾಳಿ ಬಿಡುವ ಮೋಟಾರು ಹಾಕಿದಾಗ ಗುಳುಗುಳು ಸದ್ದು ಬಂತು. ಸಾಹುಕಾರನನ್ನು ಬಿಟ್ಟೆವು. ಒಂದು ಸುತ್ತು ಹಾಕಿ ಮೂಲೆಗೆ ಹೋಗಿ ನಿಂತ. ಹೊಸ ಜಾಗ ಅಲ್ಲವಾ ಅಂದುಕೊಂಡೆ. ಆಮೇಲೆ ಕುರ್ಚಿಯಲ್ಲಿ ಹೊತ್ತುಕೊಂಡು ಬಂದಿದ್ದ ಅತ್ತೆಯನ್ನು ಕಡಲಿನ ಎದುರಿಗೇ ಕೂರಿಸಿ ಹಾಲು ಉಕ್ಕಿಸಿದೆ.

ಅವತ್ತಿನ ಸಾರು ಚಪ್ಪೆಯಾಗಿತ್ತು. ಅದು ಎಲ್ಲರಿಗೂ ಆಗುವುದೇ, ಅಲುಗಾಡಿದ ಕಡಲು ಒಂದು ಹೊತ್ತು ಮುನಿಸಿಕೊಳ್ಳುತ್ತದೆ. ಮಾರನೇ ದಿನವೂ ಚಪ್ಪೆ. ಊಟಕ್ಕೆ ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು "ಹಜಾರ ಚೆನ್ನಾಗಿದೆ ಅಂಬುಜಕ್ಕ, ಗಾಳಿ ಬೆಳಕು ಎಲ್ಲ ಇದೆ" ಅಂದರು. ಊಟ ಮಾಡಿ ಹಜಾರ ಹೊಗಳುವವರ ಅರ್ಥ ನನಗೆ ಗೊತ್ತಾಗುವುದಿಲ್ಲವಾ?

ಅತ್ತೆ ಮಾತ್ರ ಹಜಾರ ಹೊಗಳುವವರಲ್ಲ. ಮೊದಲ ದಿನ ಒಂದು ತುತ್ತು ಬಾಯಿಗಿಟ್ಟು ತಟ್ಟೆ ತಳ್ಳಿದರು. "ಇದು ನಮ್ಮನೆ ಸಾರಲ್ಲ."

"ನಮ್ಮನೆದೇ ಅತ್ತೆ. ನಾಳೆ ಸರಿಹೋಗುತ್ತೆ, ಇವತ್ತು ಎರಡು ತುತ್ತು ತಿನ್ನಿ."

"ಯಾರದೋ ಮನೆಗೆ ಕರ್ಕೊಂಡು ಬಂದಿದ್ದೀಯ. ಹೊತ್ತಾಯ್ತು, ನಮ್ಮನೆಗೆ ಕರ್ಕೊಂಡು ಹೋಗು."

ಮಾರನೇ ದಿನ ತುತ್ತು ಬಾಯಿಗೂ ಇಡಲಿಲ್ಲ. ಹಾಲು ಕೊಟ್ಟರೆ ಅರ್ಧ ಲೋಟ ಕುಡಿದರು, ಬಾಳೆಹಣ್ಣು ಕೊಟ್ಟರೆ ಮುಖ ತಿರುಗಿಸಿದರು. ಮಡಿಲಲ್ಲಿ ಗಂಟು ಇಟ್ಟುಕೊಂಡು, ಬಸ್ಸಿಗೆ ಕಾಯುವವರ ಹಾಗೆ ಬಾಗಿಲ ಕಡೆ ನೋಡುತ್ತ ಕೂತುಬಿಟ್ಟರು. ಪಕ್ಕದ ಮನೆಯಲ್ಲಿ ಉಣ್ಣಿ ಅಂದರೂ "ನಮ್ಮನೆಗೆ ಹೋಗಿ ಉಣ್ತೀನಿ" ಅನ್ನುವುದೊಂದೇ ಮಾತು. ಆ ವಯಸ್ಸಿನವರು ಊಟ ಬಿಟ್ಟರೆ ಏನಾಗುತ್ತದೆ ಅಂತ ಯಾರಿಗೆ ಗೊತ್ತಿಲ್ಲ? ನಮ್ಮವರು ಅವರ ಕಾಲ ಹತ್ತಿರ ಕೂತು ಸುಮ್ಮನೆ ಪಾದ ಒತ್ತುತ್ತಿದ್ದರು.

ನಾನು ಕೈಕಟ್ಟಿ ಕೂರುವವಳಲ್ಲ. ಮೇಲ್ಪೇಟೆಯ ಹೊಸ ನೆರೆಯವರ ಮನೆಗೆ ಹೋಗಿ, ಬೇರೆಯವರ ನೀರು ಬೇಡ ಅಂದ ಬಾಯಲ್ಲೇ "ಒಂದೊಂದು ಕೊಡ ನೀರು ಕೊಡಿ" ಅಂತ ಕೇಳಿದೆ. ಕೊಟ್ಟರು. ಸುರಿದೆ. ಉಪ್ಪು ಬರಲಿಲ್ಲ. ನೀರು ಮಾತ್ರ ಅಕ್ಕಿ ತೊಳೆದ ಹಾಗೆ ಮಬ್ಬಾಯಿತು, ಹತ್ತಿರ ಹೋದರೆ ಕೊಳೆತ ವಾಸನೆ. ಕಲ್ಲಿನ ಮೇಲಿನ ನೇರಳೆ ಬಣ್ಣ ಹೋಗಿ ಬಿಳುಚಿಕೊಂಡಿತ್ತು. ಸಾಹುಕಾರ ಮೇಲ್ಗಡೆ ಬಂದು ಬಾಯಿ ಬಿಡುತ್ತಿದ್ದ. ಅವನ ಹೊಟ್ಟೆಯೂ ಇಳಿದಿತ್ತು, ಗತ್ತೂ ಇಳಿದಿತ್ತು.

ಮೂರನೇ ದಿನ ಬೆಳಗ್ಗೆ ಸಾರಿಗೆ ಒಗ್ಗರಣೆ ಹಾಕಿ, ಉಪ್ಪು ಹಾಕಿ, ನಾಲಿಗೆಗೆ ಬಿಟ್ಟುಕೊಂಡರೆ ಬರೀ ಬಿಸಿನೀರು. ಇನ್ನೊಂದು ಹಿಡಿ ಹಾಕಿದೆ. ಏನೂ ಇಲ್ಲ. ಸಿಟ್ಟು ನೆತ್ತಿಗೇರಿ ಡಬ್ಬಿಗೇ ಕೈ ಹಾಕಿ ಮತ್ತೂ ಒಂದು ಹಿಡಿ ಎಸೆದೆ. ಹಜಾರದಲ್ಲಿ ಅತ್ತೆ ಸಣ್ಣ ದನಿಯಲ್ಲಿ ಕೇಳುತ್ತಿದ್ದರು, "ಗಾಡಿ ಬಂತಾ?" ಮೆಸ್ಸಿನ ಬಾಗಿಲು ಹಾಕಿಸಿ ಚಪ್ಪಲಿ ಮೆಟ್ಟಿದೆ.

"ಎಲ್ಲಿಗೆ?" ಅಂದರು ನಮ್ಮವರು.

"ಇನ್ನೆಲ್ಲಿಗೆ? ಹಳೇ ಬೀದಿಯ ಕೊನೆಯ ಮನೆಗೆ."

ಸುಗುಣ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದಳು. ನನ್ನನ್ನು ನೋಡಿ ಮೊರ ಕೆಳಗಿಟ್ಟಳು. ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ನಾನು ಪೀಠಿಕೆ ಹಾಕಲಿಲ್ಲ. "ಕಡಲು ಸಾಯ್ತಾ ಇದೆ. ಅತ್ತೆ ಊಟ ಬಿಟ್ಟಿದ್ದಾರೆ" ಅಂದೆ.

ಅವಳು ಎದ್ದು ನಿಂತಳು. "ಕಲ್ಲು ಹೇಗೆ ತಗೊಂಡು ಹೋದ್ರಿ ಅಕ್ಕ?"

"ಕಲ್ಲಿಗೇನು? ಗೋಣಿಯಲ್ಲಿ, ಗಾಡಿ ಮೇಲೆ."

"ಒಣ ಗೋಣಿ. ಆ ಬಿಸಿಲಲ್ಲಿ." ಹಣೆ ಚಚ್ಚಿಕೊಂಡಳು. "ಅವತ್ತು ನಾನು ಬಿಂದಿಗೆ ತಂದಿದ್ದು ಯಾಕೆ ಅಂದ್ಕೊಂಡ್ರಿ?"

"ನಮ್ಮ ನೀರಿಗೆ ನಿನ್ನ ನೀರು ಬೆರೆಸೋಕೆ."

"ಅಯ್ಯೋ, ಗೋಣಿ ನೆನೆಸೋಕೆ ಕಣ್ರೀ! ನೀರನ್ನ ದೇವರ ಹಾಗೆ ಹೊತ್ಕೊಂಡು ಹೋಗಿ ಕಲ್ಲನ್ನ ಒರಳಿನ ಜೊತೆ ಹಾಕಿದ್ದೀರಲ್ಲ. ಬೀದಿ ದಾಟೋ ಅಷ್ಟು ಹೊತ್ತಾದ್ರೆ ತಡ್ಕೊಳ್ಳುತ್ತೆ. ನೀವು ಊರೆಲ್ಲ ಮೆರೆಸಿದ್ರಿ. ಅದರ ಮೇಲಿನ ಜೀವ ಎಲ್ಲ ಒಣಗಿ ಸತ್ತು ಈಗ ನೀರಲ್ಲಿ ಕೊಳೀತಾ ಇದೆ. ನಾನು ಈ ಮನೆಗೆ ಬಂದಾಗ ಒಂದು ಹನಿ ಹಳೇ ನೀರು ತಂದಿದ್ನಾ? ಉಪ್ಪು ಹತ್ತಲಿಲ್ವಾ? ಅದು ಇರೋದೇ ಕಲ್ಲಲ್ಲಿ."

ಅವಳ ನಡುಮನೆಯ ಬಾಗಿಲು ತೆರೆದಿತ್ತು. ಒಳಗೆ ಅವಳ ಕಡಲು ಗಾಜಿನಷ್ಟು ತಿಳಿಯಾಗಿ, ಕಲ್ಲೆಲ್ಲ ನೇರಳೆ ತುಂಬಿಕೊಂಡು ಫಳಫಳ ಅನ್ನುತ್ತಿತ್ತು. ನಮ್ಮನೆಯ ಕಲ್ಲುಗಳೇ. ಒಂದೊಂದರ ಗುರುತೂ ನನಗೆ ಸಿಕ್ಕಿತು.

"ಅರ್ಧ ಕಲ್ಲು ಕೊಡು ಸುಗುಣ" ಅಂದೆ.

ಅವಳು ಮೊರದ ಅಕ್ಕಿಯನ್ನು ಡಬ್ಬಿಗೆ ಸುರಿದಳು. ಆಮೇಲೆ ಹೇಳಿದಳು, "ಎಷ್ಟು ಬೇಕಾದ್ರೂ ತಗೊಳ್ಳಿ. ಆದ್ರೆ ಅತ್ತೆ ಇಲ್ಲಿಗೆ ಬರಲಿ. ಇಲ್ಲಿ ಇವತ್ತೇ ಊಟ ಮಾಡ್ತಾರೆ. ಪಾಲಿನ ದಿನ ನನ್ನನ್ನ ಯಾರೂ ಕೇಳಲಿಲ್ಲ ಅಕ್ಕ. ನೀರು, ಮೀನು, ಅತ್ತೆ, ಮೂರನ್ನೂ ಒಂದೇ ಉಸಿರಲ್ಲಿ ಹೇಳಿಬಿಟ್ರಿ. ನನಗೆ ಅತ್ತೆ ಬೇಕಿತ್ತು."

ಎಲ್ಲಾದರೂ ಉಂಟಾ ಅಂತ ಬಾಯಿ ತುದಿಗೆ ಬಂದಿತ್ತು. ನಲವತ್ತು ಜನ ಉಂಡು ಹೋಗುವ ಮೆಸ್ಸು ನನ್ನದು, ಒಂದು "ಹ್ಞೂಂ"ಗಾಗಿ ನಾನು ಒಲೆ ಮುಂದೆ ನಿಲ್ಲುವವಳು ಅಂತ ಇವಳಿಗೆ ಹೇಗೆ ಹೇಳುವುದು? ಅತ್ತೆ ಬಿಟ್ಟು ಹೋದರೆ ಆ ಹಜಾರ ಎಷ್ಟು ದೊಡ್ಡದಾಗಿದ್ದು ಏನು ಬಂತು? ಆದರೆ ಎರಡು ದಿನದಿಂದ ಉಪವಾಸ ಕೂತಿದ್ದಾರೆ. ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದೆ, "ನನ್ನನ್ನ ಕೇಳಬೇಡ, ನಿನ್ನನ್ನೂ ಕೇಳೋದು ಬೇಡ. ಅವರನ್ನೇ ಕೇಳೋಣ. ಬರ್ತೀನಿ ಅಂದ್ರೆ ನಾನೇ ಕುರ್ಚಿ ಹೊರ್ತೀನಿ." ದನಿ ಗಟ್ಟಿಯಾಗಿತ್ತು.

ಈ ಸಲ ಬ್ಯಾಂಡಿಲ್ಲ, ಛತ್ರಿಯಿಲ್ಲ. ಅವಳ ಕಡಲಿನ ಅರ್ಧ ಕಲ್ಲುಗಳನ್ನು ನೀರು ತುಂಬಿದ ಬಕೆಟ್ಟುಗಳಲ್ಲಿ ಮುಳುಗಿಸಿ, ಮೇಲೆ ಒದ್ದೆ ಬಟ್ಟೆ ಹೊದಿಸಿ, ಗಾಡಿಯಲ್ಲಿ ಇಟ್ಟುಕೊಂಡು ನೇರ ದಾರಿಯಲ್ಲಿ ಬಂದೆವು. ದಾರಿಯಲ್ಲಿ ಯಾರೋ "ಅಂಬುಜಕ್ಕಾ, ಕಡಲು ತಿಳಿಯಾಗಿದೆಯಾ?" ಅಂತ ಕೂಗಿದರು. "ಆಗುತ್ತೆ, ಆಗದೆ ಏನು ಮಾಡುತ್ತೆ" ಅಂತ ನಾನೂ ಕೂಗಿದೆ. ಸುಗುಣ ಪಕ್ಕದಲ್ಲಿ ಕೂತು ಬಟ್ಟೆ ಸರಿಯಾಗಿದೆಯಾ ಅಂತ ಮತ್ತೆ ಮತ್ತೆ ನೋಡುತ್ತಿದ್ದಳು.

ಹಜಾರಕ್ಕೆ ಕಾಲಿಟ್ಟ ತಕ್ಷಣ ಅತ್ತೆ ಅವಳ ಗುರುತು ಹಿಡಿದುಬಿಟ್ಟರು. ನನ್ನ ಹೆಸರು ಮರೆಯುವವರು! "ಸುಗುಣಾ, ಬಂದೆಯಾ? ಇವಳು ನನಗೆ ಊಟ ಹಾಕ್ತಾ ಇಲ್ಲ ಕಣೇ" ಅಂದರು.

"ನಮ್ಮನೆಗೆ ಬರ್ತೀರಾ ಅತ್ತೆ?"

"ಊಟ ಇದೆಯಾ?"

"ಇದೆ."

"ಹಾಗಾದ್ರೆ ಬರ್ತೀನಿ" ಅಂದರು ಅತ್ತೆ, ಒಂದು ಕ್ಷಣವೂ ಯೋಚನೆ ಮಾಡಲಿಲ್ಲ.

ಕೊಟ್ಟ ಮಾತಿನ ಹಾಗೆ ನಾನು ಕುರ್ಚಿಗೆ ಕೈ ಹಾಕಿದೆ. ಸುಗುಣ ನನ್ನ ಮುಖ ನೋಡಿದಳು. ಅವಳಿಗೆ ಏನು ಕಂಡಿತೋ ಏನೋ, ದನಿ ಸ್ವಲ್ಪ ಇಳಿಸಿ "ಮೊದಲು ಕಡಲಿನ ಕೆಲಸ ಮುಗಿಸೋಣ. ಮೀನಿನ ಜೀವವೂ ಜೀವ ಅಲ್ವಾ. ನನಗೆ ಅವತ್ತು ವಾರ ಹಿಡೀತು, ಈಗ ಕಲ್ಲು ಚೆನ್ನಾಗಿ ಮಾಗಿದೆ. ಸಂಜೆಯೊಳಗೆ ಇಲ್ಲಿ ಉಪ್ಪು ಹತ್ತಿದ್ರೆ ಅತ್ತೆ ಇಲ್ಲೇ ಉಣ್ಣಲಿ. ಇಲ್ಲದಿದ್ರೆ ನನ್ನ ಜೊತೆ" ಅಂದಳು. ಸೀದಾ ಅಡುಗೆಮನೆಗೆ ಹೋಗಿ ಕೈಕಾಲು ತೊಳೆದು ಸೆರಗು ಸಿಕ್ಕಿಸಿಕೊಂಡು ಬಂದಳು. ನಾನು ಅಷ್ಟರಲ್ಲಿ ಬಿಳುಚಿದ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಹೊರಗಿಡುತ್ತಿದ್ದೆ.

ಸಾಹುಕಾರನನ್ನು ಭರಣಿಗೆ ಹಾಕಿ ಮಬ್ಬು ನೀರನ್ನು ಬಸಿದೆವು. ಬಸಿದು ಬೀದಿಯ ಚರಂಡಿಗೆ ಚೆಲ್ಲಿದೆವು. ಬ್ಯಾಂಡು ಬಾರಿಸಿ ತಂದ ನೀರು ಚರಂಡಿಯಲ್ಲಿ ಹರಿದು ಹೋಗುವಾಗ ನಾನು ಆ ಕಡೆ ನೋಡಲಿಲ್ಲ. ಸುಗುಣ ಬಾವಿನೀರಿಗೆ ಅಂಗಡಿಯ ಉಪ್ಪು ಹಾಕಿ ಕದಡಿ, ಬೆರಳದ್ದಿ ನಾಲಿಗೆಗಿಟ್ಟು, "ಚಪ್ಪೆಯೋ ಉಪ್ಪೋ ನನಗೆ ಹೇಗೆ ತಿಳೀಬೇಕು ಈ ಮನೆಯಲ್ಲಿ" ಅಂತ ಹೊರಗೆ ಅಂಗಳಕ್ಕೆ ಹೋಗಿ ರುಚಿ ನೋಡಿ ಬಂದಳು. ನನಗೆ ನಗು ಬಂತು. ತಡೆದುಕೊಂಡೆ. ಅವಳಿಗೂ ಬಂತು, ಅವಳೂ ತಡೆದುಕೊಂಡಳು. ನೀರು ತುಂಬಿಸಿ, ತನ್ನ ಕಲ್ಲುಗಳನ್ನು ನೀರೊಳಗೇ ಕೈಯಿಟ್ಟು ಪೇರಿಸಿದಳು. ಒಟ್ಟಿಗಿದ್ದಾಗ ಮೂಲೆಯ ಚಪ್ಪಟೆ ಕಲ್ಲು ಯಾವ ಮಗ್ಗುಲಿಗೆ ಇತ್ತು ಅಂತ ನಾನು ಹೇಳುವ ಮೊದಲೇ ಅವಳು ಹಾಗೇ ಇಟ್ಟಳು. ಭರಣಿಯಲ್ಲಿದ್ದ ಸಾಹುಕಾರನನ್ನು ಬಿಟ್ಟೆವು. ಅವನು ಒಂದು ಮಗ್ಗುಲಾಗಿ ತೇಲಿದ.

ಆಮೇಲೆ ಕಾಯುವುದು. ನಾನೂ ಅವಳೂ ಕಡಲಿನ ಎದುರಿಗೆ ನೆಲದ ಮೇಲೆ ಕೂತೆವು. ಅತ್ತೆ ಕುರ್ಚಿಯಲ್ಲಿ ಗಂಟು ಹಿಡಿದುಕೊಂಡು ತೂಕಡಿಸುತ್ತಿದ್ದರು. ಬಿಸಿಲು ಕಿಟಕಿಯಿಂದ ಇಳಿದು ಹಜಾರದ ಆ ತುದಿಗೆ ಹೋಯಿತು. ಸುಗುಣ ಮೆಲ್ಲಗೆ "ಹಜಾರ ಚೆನ್ನಾಗಿದೆ" ಅಂದಳು. "ನೀನೂ ಶುರು ಮಾಡಬೇಡ" ಅಂದೆ. ಅವಳಿಗೆ ಅರ್ಥವಾಗಲಿಲ್ಲ, ನಾನು ಬಿಡಿಸಿ ಹೇಳಲೂ ಇಲ್ಲ. ಮಗಳು ಶಾಲೆಯಲ್ಲಿ ಹೇಗೆ ಓದುತ್ತಾಳೆ ಅಂತ ಕೇಳಿದೆ. ಓದುತ್ತಾಳೆ, ಬಾಯಿ ಮಾತ್ರ ದೊಡ್ಡಮ್ಮನದೇ ಬಂದಿದೆ ಅಂದಳು. ದೊಡ್ಡಮ್ಮ ಅಂದರೆ ನಾನು.

ಸಾಹುಕಾರ ನೆಟ್ಟಗಾದದ್ದನ್ನು ಮೊದಲು ನೋಡಿದವಳು ಅವಳು, ಮೊದಲು ಕೂಗಿದವಳು ನಾನು. ರೆಕ್ಕೆ ಒಂದು ಸಲ ಬಡಿದ, ಎರಡು ಸಲ ಬಡಿದ, ಚಪ್ಪಟೆ ಕಲ್ಲಿನ ಹತ್ತಿರ ಹೋಗಿ ಮೂಸಿದ. ಆಮೇಲೆ ಹೊಟ್ಟೆ ಮುಂದೆ ಮಾಡಿಕೊಂಡು ಆ ತುದಿಯಿಂದ ಈ ತುದಿಗೆ ಒಂದು ನಡಿಗೆ ನಡೆದ ನೋಡಿ! ಅಷ್ಟರಲ್ಲಿ ಅಡುಗೆಮನೆಯಿಂದ ನಮ್ಮವರು ಕೆಮ್ಮುವ ಸದ್ದು. ಹಸಿವು ತಡೆಯಲಾಗದೆ ಬೆಳಗಿನ ಸಾರನ್ನೇ ಲೋಟಕ್ಕೆ ಬಗ್ಗಿಸಿಕೊಂಡು ಕುಡಿದಿದ್ದಾರೆ. ನಿಧಾನದ ಮನುಷ್ಯ ಕಣ್ಣಲ್ಲಿ ನೀರು ಸುರಿಸಿಕೊಂಡು ಓಡಿಬಂದರು, "ಉಪ್ಪೂ! ಉಪ್ಪು ಕಣೇ!"

ಆ ಗದ್ದಲಕ್ಕೆ ಅತ್ತೆಗೆ ಎಚ್ಚರವಾಯಿತು. "ಊಟ ಆಯ್ತೇನೇ?" ಅಂದರು.

ಹೊಸ ಸಾರು ಮಾಡುವಷ್ಟು ವ್ಯವಧಾನ ಯಾರಿಗಿತ್ತು? ಅನ್ನ ಬಡಿಸಿ, ಅದೇ ಸಾರನ್ನು ಬಿಸಿ ಮಾಡಿ, ತಟ್ಟೆಯನ್ನು ಅತ್ತೆಯ ಮುಂದಿಟ್ಟೆ. ಸುಗುಣ ಪಕ್ಕದಲ್ಲಿ ನಿಂತಳು. ಅತ್ತೆ ಕಲಸಿದರು, ಒಂದು ತುತ್ತು ಬಾಯಿಗಿಟ್ಟರು. ಕಣ್ಣು ಮುಚ್ಚಲಿಲ್ಲ. ಹುಬ್ಬು ಮೇಲೆ ಹೋಯಿತು, ಮುಖ ಕಿವುಚಿತು. ನಮ್ಮಿಬ್ಬರನ್ನೂ ಒಬ್ಬೊಬ್ಬರಾಗಿ ನೋಡಿದರು.

"ಯಾರೇ ಇಷ್ಟು ಉಪ್ಪು ಹಾಕಿದ್ದು?"

ಅದೇ ಮಾತು. ಅದೇ ದನಿ. ನಾಮಕರಣದ ದಿನ ಪಂಕ್ತಿಯ ಮಧ್ಯೆ ನಿಂತು ಕೇಳಿದ್ದರಲ್ಲ, ಥೇಟ್ ಹಾಗೇ.

"ನಾನು ಅತ್ತೆ" ಅಂದೆ.

"ನಾನು ಅತ್ತೆ" ಅಂದಳು ಸುಗುಣ, ಅದೇ ಉಸಿರಿಗೆ.

ನಾನು ಅವಳ ಕಡೆ ತಿರುಗಿದೆ. "ನೀನು ಯಾವಾಗ ಹಾಕಿದೆ?"

"ಬಂದ ತಕ್ಷಣ, ಕೈ ತೊಳೆಯೋಕೆ ಹೋದಾಗ. ಸಾರು ಚಪ್ಪೆ ಅನ್ನಿಸ್ತು, ಅಭ್ಯಾಸ ನೋಡಿ, ಒಂದು ಹಿಡಿ ಹಾಕಿದೆ. ನೀವು?"

"ನಾನು ಬೆಳಗ್ಗೇನೇ ಹಾಕಿದ್ದೆ. ಹದವಾಗಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತೆವು. ಅವಳ ಬಾಯಿ ಅರ್ಧ ತೆರೆದಿತ್ತು. "ಅಕ್ಕಾ, ಹಾಗಾದ್ರೆ ನಾಮಕರಣದ ದಿನ..." ಅಂತ ಶುರು ಮಾಡಿದಳು.

"ಇಬ್ಬರೂ ಹಾಕಿದ್ರೆ ಇಷ್ಟಾಗದೆ ಇನ್ನೇನು" ಅಂದರು ಅತ್ತೆ. ಗಂಟನ್ನು ಮಡಿಲಿಂದ ತೆಗೆದು ಪಕ್ಕದ ನೆಲದ ಮೇಲಿಟ್ಟು, ಕುರ್ಚಿಯಲ್ಲಿ ಸರಿಯಾಗಿ ಕೂತು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. "ನಮ್ಮನೆ ಸಾರೇ. ಉಪ್ಪು ಜಾಸ್ತಿಯಾಗಿದೆ ಅಷ್ಟೆ, ಇನ್ನೂ ಸ್ವಲ್ಪ ಅನ್ನ ಹಾಕಿದ್ರೆ ಸರಿಹೋಗುತ್ತೆ. ಇಬ್ಬರೂ ಹಾಕಬೇಡಿ, ಒಬ್ಬಳು ಹಾಕಿ."

ಅನ್ನದ ಪಾತ್ರೆ ನನ್ನ ಕೈಯಲ್ಲಿತ್ತು. ಅದನ್ನು ಸುಗುಣನಿಗೆ ಕೊಟ್ಟೆ.